ತಾಯಿಯ ರಕ್ತದಲ್ಲಿನ ಪ್ರತಿಕಾಯಗಳೂ ಹುಟ್ಟಲಿರುವ ಮಗುವೂ

ಆರೋಗ್ಯವಂತ ಮಗುವನ್ನು ಪಡೆಯಬೇಕೆಂಬುದು ಪ್ರತಿಯೊಂದು ದಾಂಪತ್ಯದ ಹಿರಿಯ ಹಂಬಲ. ಗರ್ಭಿಣಿಯ ಆಹಾರ, ವಿಶ್ರಾಂತಿ, ಕಬ್ಬಿಣಾಂಶದ ಮಾತ್ರೆ ಇವುಗಳ ವಿಷಯದಲ್ಲಿ ನಮ್ಮ ಹಳ್ಳಿಗಳ ದಂಪತಿಗಳಿಗೆ ಈಗ ಸಾಕಷ್ಟು ತಿಳಿವಳಿಕೆ ಉಂಟಾಗಿದೆ. ಆದರೆ ಗಂಡಹೆಂಡಿರ ರಕ್ತದ ಗುಂಪಿನ ವಿಷಯದಲ್ಲಿ ಇದೇ ಮಾತನ್ನು ಹೇಳಲಾಗದು. ಇದನ್ನು ತಿಳಿಯದೆ ಇದ್ದುದರಿಂದ ಒಂದು ಮನೆಗೆ ಆದ ನಷ್ಟವನ್ನು ಮೊದಲು ಹೇಳಿ, ಬಳಿಕ ವಿಷಯಕ್ಕೆ ಬರುವುದು ಯೋಗ್ಯ.

ಮಂಗಳೂರು ನಗರದ ಶಕ್ತಿನಗರದಲ್ಲಿ ಹಳ್ಳಿಯಿಂದ ಬಂದು ನೆಲಸಿದ ದಂಪತಿಗಳಿದ್ದರು. ಪತಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದನು. ಪತ್ನಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ವಾಡಿಕೆಯಂತೆ ಚೊಚ್ಚಲ ಹೆರಿಗೆ ತವರಿನ ಕಡೆಯಲ್ಲಿ ಆಯಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ತಾಯಿಯ ರಕ್ತ ನೆಗೆಟಿವ್ ಆದುದರಿಂದ ಒಂದು ಚುಚ್ಚುಮದ್ದು ಆಗಬೇಕೆಂದು ಅಲ್ಲಿ ಹೇಳಿದ್ದರು. ಮಗು ಗುಂಡಗೆ ಇರುವಾಗ ಅವಸರವೇನೆಂದು ಮನೆಯವರು ಅದನ್ನು ಮುಂದೂಡಿದರು. ಗುಂಪು ಬರೆದ ಚೀಟಿಯೂ ತವರಿನಲ್ಲಿಯೇ ಉಳಿಯಿತು. ಮೂರು ವರ್ಷಗಳ ತರುವಾಯ ಗಂಡು ಮಗು ಹುಟ್ಟಿತು. ಹುಟ್ಟಿದ ಮೊದಲ ದಿನವೇ ಅದರ ಮೈ ಕಣ್ಣುಗಳೆಲ್ಲ ಅರಿಸಿನದಂತೆ ಹಳದಿಯಾದವು. ರಕ್ತವನ್ನು ಬದಲಾಯಿಸಿ ಜೀವವನ್ನು ಉಳಿಸಲಾಯಿತು. ಆದರೆ ಅಷ್ಟರಲ್ಲಿ ಕಾಮಾಲೆಯು ಕಿವಿಯ ನರಗಳಿಗೆ ಹಾನಿ ಮಾಡಿತ್ತು. ಆ ಬಾಲಕನಿಗೆ ಇಂದಿಗೂ ಕಿವಿ ಕೇಳಿಸದು.

"ಮೊದಲನೆಯದು ಚೆನ್ನಾಗಿಯೇ ಹುಟ್ಟಿತಲ್ಲ ಡಾಕ್ಟರೇ, ಎರಡನೆಯದಕ್ಕೆ ಹೀಗೇಕಾಯಿತು? ನಮ್ಮ ಮನೆಯಲ್ಲಿ ಏನಾದರೂ ದೋಷವಿದೆಯೇ?" ಎಂದು ಆ ಮಗುವಿನ ಅಜ್ಜಿ ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ. ಉತ್ತರವು ತಾಯಿಯ ರಕ್ತದಲ್ಲಿರುವ 'ಪ್ರತಿಕಾಯ' ಎಂಬ ವಸ್ತುವಿನಲ್ಲಿ ಅಡಗಿದೆ.

ಪ್ರತಿಕಾಯ ಎಂದರೇನು?

ನಮ್ಮ ದೇಹದೊಳಗೆ ರೋಗಾಣುವೋ ವಿಷವೋ ಪ್ರವೇಶಿಸಿದಾಗ ರಕ್ತದಲ್ಲಿರುವ ಬಿಳಿಯ ಕಣಗಳು ಅದನ್ನು 'ತನ್ನದಲ್ಲ' ಎಂದು ಗುರುತಿಸುತ್ತವೆ. ಅದಕ್ಕೆ ಅಂಟಿಕೊಂಡು ಅದನ್ನು ನಿಷ್ಫಲಗೊಳಿಸುವ ಒಂದು ಬಗೆಯ ಸಸಾರಜನಕ ವಸ್ತುವನ್ನು ಸಿದ್ಧಪಡಿಸುತ್ತವೆ. ಇದಕ್ಕೆ ಪ್ರತಿಕಾಯವೆಂದು ಹೆಸರು. ಒಂದು ಬೀಗಕ್ಕೆ ಅದರದೇ ಕೀಲಿಕೈ ಹೊಂದುವಂತೆ, ಒಂದು ಪ್ರತಿಕಾಯವು ಒಂದೇ ಬಗೆಯ ಶತ್ರುವಿಗೆ ಹೊಂದುತ್ತದೆ. ದಡಾರದ ಪ್ರತಿಕಾಯವು ಧನುರ್ವಾಯುವನ್ನು ತಡೆಯಲಾರದು.

ಮೊದಲ ಸಲ ಶತ್ರು ಬಂದಾಗ ಪ್ರತಿಕಾಯಗಳು ಸಿದ್ಧವಾಗಲು ದಿನಗಳೋ ವಾರಗಳೋ ಬೇಕಾಗುತ್ತವೆ. ಆದರೆ ದೇಹವು ಆ ಗುರುತನ್ನು ಮರೆಯುವುದಿಲ್ಲ. ಅದೇ ಶತ್ರು ಎರಡನೆಯ ಸಲ ಬಂದಾಗ ಪ್ರತಿಕಾಯಗಳು ಬೇಗನೆ, ಹೇರಳವಾಗಿ ಹುಟ್ಟುತ್ತವೆ. ಲಸಿಕೆಗಳೆಲ್ಲವೂ ಈ ನೆನಪಿನ ಆಧಾರದ ಮೇಲೆಯೇ ಕೆಲಸ ಮಾಡುತ್ತವೆ. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ಇರುವ ಈ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು. ಅಜ್ಜಿಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ತಾಯಿಯು ಮಗುವಿಗೆ ಕೊಡುವ ರಕ್ಷೆ

ಗರ್ಭದಲ್ಲಿರುವ ಮಗುವಿಗೆ ಸ್ವತಃ ಪ್ರತಿಕಾಯಗಳನ್ನು ತಯಾರಿಸುವ ಶಕ್ತಿ ಬಹಳ ಕಡಿಮೆ. ಆದುದರಿಂದ ತಾಯಿಯ ಪ್ರತಿಕಾಯಗಳು ಮಾಸನ್ನು ದಾಟಿ ಮಗುವಿನ ರಕ್ತವನ್ನು ಸೇರುವ ಏರ್ಪಾಡು ಪ್ರಕೃತಿಯಲ್ಲಿಯೇ ಇದೆ. ವಿಶೇಷವಾಗಿ ಕೊನೆಯ ಮೂರು ತಿಂಗಳುಗಳಲ್ಲಿ ಈ ಸಾಗಾಟವು ಹೆಚ್ಚಾಗುತ್ತದೆ.

ಗರ್ಭಿಣಿಗೆ ಧನುರ್ವಾಯು ಮತ್ತು ಗಂಟಲಮಾರಿಗಳ ವಿರುದ್ಧ ಟಿ.ಡಿ. ಚುಚ್ಚುಮದ್ದನ್ನು ಕೊಡುವುದು ಈ ಕಾರಣಕ್ಕಾಗಿಯೇ. ಚುಚ್ಚುಮದ್ದು ತಾಯಿಗೆ, ರಕ್ಷಣೆ ಇಬ್ಬರಿಗೂ. ಗರ್ಭ ನಿಂತುದು ತಿಳಿದೊಡನೆ ಮೊದಲನೆಯದನ್ನು, ನಾಲ್ಕು ವಾರಗಳ ನಂತರ ಎರಡನೆಯದನ್ನು ಹಾಕಿಸಿಕೊಳ್ಳಬೇಕು. ಕಳೆದ ಮೂರು ವರ್ಷಗಳೊಳಗಿನ ಗರ್ಭಾವಸ್ಥೆಯಲ್ಲಿ ಎರಡನ್ನೂ ಹಾಕಿಸಿಕೊಂಡವರಿಗೆ ಒಂದೇ ಸಾಕು. ಹಿಂದೆ ಹೊಕ್ಕುಳಬಳ್ಳಿಯ ಗಾಯದಿಂದ ಧನುರ್ವಾಯು ತಗಲಿ ಅಸಂಖ್ಯ ಶಿಶುಗಳು ಹುಟ್ಟಿದ ಮೊದಲ ವಾರಗಳಲ್ಲಿಯೇ ಅಸುನೀಗುತ್ತಿದ್ದವು. ತಾಯಂದಿರ ಚುಚ್ಚುಮದ್ದು ಹಾಗೂ ಶುಚಿಯಾದ ಹೆರಿಗೆಯಿಂದಾಗಿ ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವು ಒಂದು ಸಾರ್ವಜನಿಕ ಪಿಡುಗಾಗಿ ಉಳಿದಿಲ್ಲವೆಂದು ಭಾರತದ ಮಟ್ಟಿಗೆ 2015ರಲ್ಲಿ ದೃಢಪಟ್ಟಿತು.

ಹೆರಿಗೆಯ ನಂತರವೂ ಈ ರಕ್ಷೆ ಮುಂದುವರಿಯುತ್ತದೆ. ಮೊದಲ ಎರಡು ಮೂರು ದಿನ ಬರುವ ಹಳದಿ ಛಾಯೆಯ ಗಟ್ಟಿ ಹಾಲಿನಲ್ಲಿ ಪ್ರತಿಕಾಯಗಳು ಹೇರಳವಾಗಿವೆ. ಇದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವುದು ಮಗುವಿನ ಪಾಲಿನ ಔಷಧಿಯನ್ನೇ ಚೆಲ್ಲಿದಂತೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆ ಹಾಲನ್ನು ಕೊಡಬೇಕು. ಆರು ತಿಂಗಳು ತುಂಬುವ ತನಕ ಜೇನು, ನೀರು ಯಾವುದನ್ನೂ ಕೊಡದೆ ತಾಯಿಯ ಹಾಲನ್ನು ಮಾತ್ರ ಕೊಡಬೇಕು.

ತಾಯಿಯಿಂದ ಬಂದ ಪ್ರತಿಕಾಯಗಳು ಶಾಶ್ವತವಲ್ಲ. ಕೆಲವು ತಿಂಗಳುಗಳಲ್ಲಿ ಕರಗಿಹೋಗುತ್ತವೆ. ಆಗ ಮಗುವು ತನ್ನದೇ ರಕ್ಷಣೆಯನ್ನು ಬೆಳೆಸಿಕೊಳ್ಳಬೇಕು. ಅದಕ್ಕಾಗಿಯೇ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಹಾಗೂ ಒಂಬತ್ತು ತಿಂಗಳು ತುಂಬಿದ ಮೇಲೆ ಲಸಿಕೆಗಳನ್ನು ಹಾಕಿಸಬೇಕೆಂದು ಗೊತ್ತುಪಡಿಸಲಾಗಿದೆ.

ರಕ್ಷಕವೇ ಬಾಧಕವಾಗುವ ಸಂದರ್ಭ

ಪ್ರತಿಕಾಯಗಳಿಗೆ ಕರುಣೆಯೂ ಇಲ್ಲ, ದ್ವೇಷವೂ ಇಲ್ಲ. 'ತನ್ನದಲ್ಲ' ಎಂದು ಗುರುತಿಸಿದುದನ್ನು ಅವು ನಾಶಮಾಡುತ್ತವೆ. ಆ 'ತನ್ನದಲ್ಲದ್ದು' ಸ್ವಂತ ಮಗುವಿನ ರಕ್ತವೇ ಆದಾಗ ತೊಂದರೆ ಉಂಟಾಗುತ್ತದೆ.

ಮನುಷ್ಯರ ರಕ್ತವನ್ನು ಎ, ಬಿ, ಎಬಿ, ಓ ಎಂದು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗಿದೆ. ಇದಕ್ಕೆ ಕಾರಣವಾದ ಸಂಶೋಧನೆಯನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಯು 1901ರಲ್ಲಿ ಪ್ರಕಟಿಸಿದನು. ಮುಂದೆ 1940ರಲ್ಲಿ ಅವನೂ ಅಲೆಕ್ಸಾಂಡರ್ ವೀನರ್ ಎಂಬವನೂ ಕೂಡಿ ಆರ್‌ಎಚ್ ಎಂಬ ಇನ್ನೊಂದು ಅಂಶವನ್ನು ಪ್ರಕಟಪಡಿಸಿದರು. ಕೆಂಪು ರಕ್ತಕಣದ ಮೇಲೆ ಈ ಅಂಶವಿರುವವರು ಪಾಸಿಟಿವ್, ಇಲ್ಲದವರು ನೆಗೆಟಿವ್. ನಮ್ಮ ದೇಶದಲ್ಲಿ ನೂರು ಮಂದಿಯಲ್ಲಿ ಸುಮಾರು 5 ಮಂದಿ ಮಾತ್ರ ನೆಗೆಟಿವ್ ಆಗಿರುತ್ತಾರೆ. ಇದು ಕಾಯಿಲೆಯಲ್ಲ, ಕೊರತೆಯೂ ಅಲ್ಲ. ಕಣ್ಣಿನ ಬಣ್ಣದಂತೆ ಹುಟ್ಟಿನಿಂದ ಬಂದ ಒಂದು ಲಕ್ಷಣ.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದಲ್ಲಿ ಮಗುವು ತಂದೆಯಂತೆ ಪಾಸಿಟಿವ್ ಆಗಬಹುದು. ಗರ್ಭದಲ್ಲಿ ತಾಯಿಯ ರಕ್ತವೂ ಮಗುವಿನ ರಕ್ತವೂ ಸಾಮಾನ್ಯವಾಗಿ ಬೆರೆಯುವುದಿಲ್ಲ. ಆದರೆ ಹೆರಿಗೆಯಲ್ಲಿ ಮಾಸು ಬಿಡುವಾಗ ಮಗುವಿನ ರಕ್ತದ ಸ್ವಲ್ಪ ಭಾಗ ತಾಯಿಯ ರಕ್ತನಾಳಗಳನ್ನು ಸೇರುತ್ತದೆ. ಆಗ ತಾಯಿಯ ದೇಹವು ಅದನ್ನು ಅಪರಿಚಿತವೆಂದು ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸಲು ತೊಡಗುತ್ತದೆ. ಅವು ಸಿದ್ಧವಾಗುವ ವೇಳೆಗೆ ಮೊದಲ ಮಗು ಹುಟ್ಟಿ ತೊಟ್ಟಿಲನ್ನು ಸೇರಿಯಾಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಎರಡನೆಯ ಮಗುವೂ ಪಾಸಿಟಿವ್ ಆಗಿದ್ದರೆ, ನೆನಪನ್ನು ಉಳಿಸಿಕೊಂಡಿದ್ದ ತಾಯಿಯ ದೇಹವು ಈ ಸಲ ಬೇಗನೆ ಪ್ರತಿಕಾಯಗಳನ್ನು ಹೊರಡಿಸುತ್ತದೆ. ರಕ್ಷಣೆಗಾಗಿ ಇರುವ ಅದೇ ದಾರಿಯಿಂದ ಅವು ಮಾಸನ್ನು ದಾಟಿ ಮಗುವಿನ ಕೆಂಪು ಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತಹೀನತೆ ಉಂಟಾಗುತ್ತದೆ. ತೀವ್ರವಾದಲ್ಲಿ ಮೈ ನೀರು ತುಂಬಿ ಗರ್ಭದಲ್ಲಿಯೇ ಸಾಯಬಹುದು. ಜೀವಂತವಾಗಿ ಹುಟ್ಟಿದರೆ, ಒಡೆದ ಕಣಗಳಿಂದ ಹೊರಬಿದ್ದ ಹಳದಿ ವಸ್ತುವು ಮಿತಿಮೀರಿ ಮಿದುಳನ್ನು ಸೇರಿ ಕಿವುಡುತನ, ಅಂಗವೈಕಲ್ಯ ಅಥವಾ ಮರಣವನ್ನು ತರಬಹುದು.

ಅಜ್ಜಿಯ ಪ್ರಶ್ನೆಗೆ ಇದೇ ಉತ್ತರ. ದೋಷವು ಮನೆಯದೂ ಅಲ್ಲ, ಸೊಸೆಯದೂ ಅಲ್ಲ, ಗ್ರಹಗಳದೂ ಅಲ್ಲ. ಮೊದಲ ಹೆರಿಗೆಯ ಮೂರು ದಿನಗಳೊಳಗೆ ಆಗಬೇಕಾದ ಒಂದು ಕೆಲಸ ಆಗದೆ ಉಳಿದುದೇ ಕಾರಣ. ಶಕ್ತಿನಗರಕ್ಕೆ ಸಮೀಪದ ಕುಡುಪಿನಂತಹ ನಾಗಸನ್ನಿಧಿಗಳಲ್ಲಿ ಸಂತಾನಕ್ಕಾಗಿ ಹರಕೆ ಸಲ್ಲಿಸುವುದು ನಮ್ಮ ಜಿಲ್ಲೆಯ ವಾಡಿಕೆ. ಅದು ಅವರವರ ಭಕ್ತಿಗೆ ಸಂಬಂಧಿಸಿದ್ದು. ವೈದ್ಯರಿಗೆ ಅದರಲ್ಲಿ ಆಕ್ಷೇಪವಿಲ್ಲ. ಹರಕೆಯ ಜೊತೆಗೆ ರಕ್ತಪರೀಕ್ಷೆಯನ್ನೂ ಮಾಡಿಸಿರಿ ಎಂಬುದಷ್ಟೇ ನಮ್ಮ ವಿನಂತಿ.

ರೋಗವನ್ನು ಗುರುತಿಸಲು ಪ್ರತಿಕಾಯಗಳ ನೆರವು

ಒಂದೇ ಶತ್ರುವನ್ನು ಗುರುತಿಸುವ ಗುಣವಿರುವುದರಿಂದ ಪ್ರತಿಕಾಯಗಳು ರೋಗಪತ್ತೆಗೂ ಒದಗುತ್ತವೆ. ರಕ್ತದ ಗುಂಪನ್ನು ತಿಳಿಯಲು ಬೆರಳ ತುದಿಯಿಂದ ರಕ್ತವನ್ನು ತೆಗೆದು, ಪ್ರತಿಕಾಯಗಳಿರುವ ದ್ರವದ ಹನಿಯೊಂದಿಗೆ ಬೆರೆಸುತ್ತಾರೆ. ರಕ್ತವು ಒಡೆದ ಹಾಲಿನಂತೆ ಗರಣೆ ಕಟ್ಟಿದರೆ ಆ ಅಂಶ ಇದೆಯೆಂದೂ, ಕಟ್ಟದಿದ್ದರೆ ಇಲ್ಲವೆಂದೂ ಅರ್ಥ. ಕೆಲವೇ ನಿಮಿಷಗಳಲ್ಲಿ ಉತ್ತರ ದೊರೆಯುತ್ತದೆ.

ನೆಗೆಟಿವ್ ತಾಯಿಯ ರಕ್ತದಲ್ಲಿ ಮಗುವಿಗೆ ಬಾಧಕವಾದ ಪ್ರತಿಕಾಯಗಳು ಈಗಾಗಲೇ ಹುಟ್ಟಿವೆಯೇ ಎಂಬುದನ್ನು ಕೂಂಬ್ಸ್ ಪರೀಕ್ಷೆಯಿಂದ ತಿಳಿಯಬಹುದು. ರಾಬಿನ್ ಕೂಂಬ್ಸ್ ಮತ್ತು ಅವನ ಸಂಗಡಿಗರು 1945ರಲ್ಲಿ ಇದನ್ನು ಪ್ರಕಟಿಸಿದರು. ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯ ರಕ್ತವನ್ನು ತೆಗೆದು ಮಗುವಿನ ಗುಂಪನ್ನೂ, ಅದರ ಕಣಗಳಿಗೆ ತಾಯಿಯ ಪ್ರತಿಕಾಯಗಳು ಅಂಟಿವೆಯೇ ಎಂಬುದನ್ನೂ ಪರೀಕ್ಷಿಸುತ್ತಾರೆ.

ಆಶಾ ಕಾರ್ಯಕರ್ತೆಯು ತಂದುಕೊಡುವ ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಗೆರೆಯೂ ಪ್ರತಿಕಾಯಗಳ ಕೆಲಸವೇ ಆಗಿದೆ. ಗರ್ಭಿಣಿಯ ಮೂತ್ರದಲ್ಲಿರುವ ಹಾರ್ಮೋನನ್ನು ಅವು ಹಿಡಿದು ನಿಲ್ಲಿಸುತ್ತವೆ. ಗರ್ಭಿಣಿಯರಿಗೆ ಮಾಡುವ ಎಚ್.ಐ.ವಿ. ಪರೀಕ್ಷೆಯಲ್ಲಿಯೂ ಮುಖ್ಯವಾಗಿ ಪ್ರತಿಕಾಯಗಳನ್ನೇ ಹುಡುಕುತ್ತಾರೆ. ಸೋಂಕಿರುವ ತಾಯಿಯ ಪ್ರತಿಕಾಯಗಳು ಮಗುವಿನಲ್ಲಿ 18 ತಿಂಗಳವರೆಗೂ ಉಳಿದಿರಬಹುದು. ಆದಕಾರಣ ಅಷ್ಟರೊಳಗೆ ಪ್ರತಿಕಾಯ ಕಂಡ ಮಾತ್ರಕ್ಕೆ ಮಗುವಿಗೆ ಸೋಂಕಿದೆಯೆಂದು ತಿಳಿಯಬಾರದು. ಅದಕ್ಕೆ ಬೇರೆಯೇ ಪರೀಕ್ಷೆಗಳಿವೆ.

ರಕ್ತದ ವಿಷಯದಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. 2024ರಲ್ಲಿ ಕೋಲಾರದ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಸೇರಿದ್ದ ಮಹಿಳೆಯೊಬ್ಬರ ರಕ್ತವು ಓ ಪಾಸಿಟಿವ್ ಆಗಿದ್ದರೂ ಯಾವ ಓ ಪಾಸಿಟಿವ್ ರಕ್ತದೊಡನೆಯೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದಲ್ಲಿ ಪರೀಕ್ಷಿಸಿದಾಗ ಅವರ ಪ್ರತಿಕಾಯಗಳು ಎಲ್ಲ ಮಾದರಿಗಳನ್ನೂ ವಿರೋಧಿಸಿದವು. ಕುಟುಂಬದ ಇಪ್ಪತ್ತು ಮಂದಿಯ ರಕ್ತವೂ ಹೊಂದಲಿಲ್ಲ. ರಕ್ತವನ್ನು ಕೊಡದೆಯೇ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಲಾಯಿತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪ್ರಯೋಗಾಲಯದಲ್ಲಿ ಶೋಧಿಸಿದಾಗ ಅದುವರೆಗೆ ಯಾರೂ ಕಾಣದಿದ್ದ ರಕ್ತದ ಅಂಶವೊಂದು ಬೆಳಕಿಗೆ ಬಂದು, 2025ರಲ್ಲಿ ಅದಕ್ಕೆ 'ಕ್ರಿಬ್' ಎಂದು ಹೆಸರಿಡಲಾಯಿತು. ರಕ್ತವನ್ನು ಕೊಡುವ ಮೊದಲು ಹೊಂದಾಣಿಕೆಯ ಪರೀಕ್ಷೆ ನಡೆಯುವಾಗ ತಡವಾಯಿತೆಂದು ಬೇಸರಿಸದಿರಲು ಈ ಒಂದು ಪ್ರಸಂಗವೇ ಸಾಕು.

ಚಿಕಿತ್ಸೆಯಲ್ಲಿ ಪ್ರತಿಕಾಯಗಳು

ದೇಹವು ತಾನೇ ಪ್ರತಿಕಾಯಗಳನ್ನು ತಯಾರಿಸುವಷ್ಟು ಸಮಯವಿಲ್ಲದಾಗ ಸಿದ್ಧ ಪ್ರತಿಕಾಯಗಳನ್ನು ಚುಚ್ಚುಮದ್ದಾಗಿ ಕೊಡುತ್ತಾರೆ. ಹಾವು ಕಚ್ಚಿದಾಗ ಕೊಡುವ ಪ್ರತಿವಿಷವು ಕುದುರೆಯ ರಕ್ತದಿಂದ ಪಡೆದ ಪ್ರತಿಕಾಯವೇ. ಹುಚ್ಚುನಾಯಿಯ ಆಳವಾದ ಕಡಿತಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಹಾಕುವ ಔಷಧವೂ ಅದೇ ಜಾತಿಯದು.

ನೆಗೆಟಿವ್ ತಾಯಿಗೆ ಕೊಡುವ 'ಆಂಟಿ-ಡಿ' ಚುಚ್ಚುಮದ್ದೂ ಇದೇ ಬಗೆಯದು. ಇದು 1968ರಿಂದ ಬಳಕೆಗೆ ಬಂದಿದೆ. ಹೆರಿಗೆಯ ಸಮಯದಲ್ಲಿ ತಾಯಿಯ ರಕ್ತವನ್ನು ಸೇರಿದ ಮಗುವಿನ ಕಣಗಳನ್ನು, ತಾಯಿಯ ದೇಹವು ಗುರುತಿಸುವ ಮೊದಲೇ, ಇದು ತೆಗೆದುಹಾಕುತ್ತದೆ. ಅಪರಿಚಿತನು ಅಂಗಳಕ್ಕೆ ಬಂದೊಡನೆ ನೆರೆಮನೆಯವರು ಸದ್ದಿಲ್ಲದೆ ಅವನನ್ನು ಹಿಂದಕ್ಕೆ ಕಳುಹಿಸಿದರೆ ಮನೆಯ ನಾಯಿಗೆ ಅವನ ವಾಸನೆಯೇ ತಿಳಿಯದು. ಮುಂದೆ ಬೊಗಳುವ ಪ್ರಮೇಯವೂ ಬಾರದು. ಹಾಗೆಯೇ ತಾಯಿಯ ದೇಹದಲ್ಲಿ ಬಾಧಕವಾದ ನೆನಪು ಉಳಿಯುವುದಿಲ್ಲ.

ಈ ಚುಚ್ಚುಮದ್ದನ್ನು ಗರ್ಭದ 28ನೆಯ ವಾರದಲ್ಲಿ ಒಮ್ಮೆ ಕೊಡುವುದು ಉತ್ತಮ. ಮಗು ಪಾಸಿಟಿವ್ ಆಗಿದ್ದಲ್ಲಿ ಹೆರಿಗೆಯಾದ 72 ಗಂಟೆಗಳೊಳಗೆ ಮತ್ತೊಮ್ಮೆ ಕೊಡಲೇಬೇಕು. ಚುಚ್ಚುಮದ್ದು ಪಡೆಯದೆ ಇದ್ದ ನೂರು ಮಂದಿ ಇಂತಹ ತಾಯಂದಿರಲ್ಲಿ ಸುಮಾರು 16 ಮಂದಿಗೆ ಬಾಧಕ ಪ್ರತಿಕಾಯಗಳು ಹುಟ್ಟುತ್ತವೆ. ಎರಡೂ ಸಲ ಪಡೆದವರಲ್ಲಿ ಈ ಪ್ರಮಾಣವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಇದರ ಪ್ರಭಾವವು ಕೆಲವು ತಿಂಗಳುಗಳಷ್ಟೇ ಇರುವುದರಿಂದ ಪ್ರತಿಯೊಂದು ಗರ್ಭಾವಸ್ಥೆಯಲ್ಲಿಯೂ ಹೊಸದಾಗಿ ಪಡೆಯಬೇಕು. ಬಾಧಕ ಪ್ರತಿಕಾಯಗಳು ಒಮ್ಮೆ ಹುಟ್ಟಿದ ಮೇಲೆ ಇದರಿಂದ ಪ್ರಯೋಜನವಿಲ್ಲ.

ಈ ಔಷಧವನ್ನು ಮುಖ್ಯವಾಗಿ ಮನುಷ್ಯರು ದಾನ ಮಾಡಿದ ರಕ್ತದ್ರವದಿಂದ ತಯಾರಿಸುತ್ತಾ ಬಂದಿದ್ದಾರೆ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಎಂಬವರ ರಕ್ತದಲ್ಲಿ ಈ ಪ್ರತಿಕಾಯವು ಹೇರಳವಾಗಿತ್ತು. ಅವರು 1954ರಿಂದ 2018ರವರೆಗೆ 1173 ಸಲ ದಾನ ಮಾಡಿ, 2025ರಲ್ಲಿ ನಿಧನರಾದರು. ಅಪರಿಚಿತರ ಇಂತಹ ದಾನವು ದೇಶದೇಶಗಳ ತೊಟ್ಟಿಲುಗಳನ್ನು ಕಾದಿದೆ.

ಬಾಧಕ ಪ್ರತಿಕಾಯಗಳು ಈಗಾಗಲೇ ಹುಟ್ಟಿರುವ ತಾಯಂದಿರೂ ನಿರಾಶರಾಗಬೇಕಾಗಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಮೂಲಕ ಮಗುವಿನ ರಕ್ತಹೀನತೆಯನ್ನು ಅಳೆದು, ಅವಶ್ಯವಿದ್ದರೆ ಗರ್ಭದಲ್ಲಿರುವಾಗಲೇ ಅದಕ್ಕೆ ರಕ್ತವನ್ನು ಕೊಡಬಹುದು. ಹುಟ್ಟಿದ ಮೇಲೆ ನೀಲಿ ಬೆಳಕಿನ ಚಿಕಿತ್ಸೆ, ರಕ್ತ ಬದಲಾವಣೆ ಮುಂತಾದ ಉಪಾಯಗಳಿವೆ. ಆದರೆ ಗರ್ಭದ ಮೊದಲ ತಿಂಗಳುಗಳಲ್ಲಿಯೇ ಬಂದು ತಿಳಿಸಬೇಕು.

ಕೆಲವು ತಪ್ಪು ತಿಳಿವಳಿಕೆಗಳು

ನೆಗೆಟಿವ್ ರಕ್ತದ ಹೆಣ್ಣನ್ನು ಮದುವೆಯಾಗಬಾರದೆಂದು ಹೇಳುವವರಿದ್ದಾರೆ. ಇದು ಸಲ್ಲದು. ಸಕಾಲದಲ್ಲಿ ಚುಚ್ಚುಮದ್ದು ಪಡೆದರೆ ಆಕೆಯೂ ಇತರರಂತೆ ಆರೋಗ್ಯವಂತ ಮಕ್ಕಳನ್ನು ಪಡೆಯುವಳು. ಗಂಡಹೆಂಡಿರಿಬ್ಬರೂ ನೆಗೆಟಿವ್ ಆಗಿದ್ದರೆ ಮಗುವೂ ನೆಗೆಟಿವ್ ಆಗುವುದರಿಂದ ಈ ಭಯವಿಲ್ಲ. ತಾಯಿ ಪಾಸಿಟಿವ್, ತಂದೆ ನೆಗೆಟಿವ್ ಆಗಿದ್ದರೂ ಈ ತೊಂದರೆ ಉಂಟಾಗದು.

ಗರ್ಭಪಾತವಾದರೆ ಇದೆಲ್ಲ ಬೇಡವೆಂಬುದು ಇನ್ನೊಂದು ತಪ್ಪು. ಗರ್ಭಪಾತ, ಗರ್ಭಕೋಶದ ಹೊರಗೆ ನಿಂತ ಗರ್ಭ, ಗರ್ಭಿಣಿಯ ರಕ್ತಸ್ರಾವ, ಹೊಟ್ಟೆಗೆ ಪೆಟ್ಟು ಇವುಗಳಲ್ಲಿಯೂ ಮಗುವಿನ ರಕ್ತವು ತಾಯಿಯನ್ನು ಸೇರಬಹುದು. ಎಷ್ಟು ತಿಂಗಳ ಗರ್ಭವೆಂಬುದನ್ನು ನೋಡಿ ಚುಚ್ಚುಮದ್ದಿನ ಅವಶ್ಯಕತೆಯನ್ನು ವೈದ್ಯರು ನಿರ್ಧರಿಸುವರು. ಔಷಧದ ಅಂಗಡಿಯಿಂದ ಮಾತ್ರೆಯನ್ನು ತಂದು ಗುಟ್ಟಾಗಿ ಗರ್ಭವನ್ನು ತೆಗೆಯುವವರು ತಮ್ಮ ಜೀವದ ಜೊತೆಗೆ ಮುಂದಿನ ಮಗುವಿನ ಜೀವವನ್ನೂ ಗಂಡಾಂತರಕ್ಕೆ ಒಡ್ಡುತ್ತಾರೆ. ಹಿಂದೆ ಆದ ಗರ್ಭಪಾತವನ್ನು ವೈದ್ಯರಿಂದ ಮುಚ್ಚಿಡಬಾರದು.

ಹುಟ್ಟಿದ ಮಗುವಿಗೆ ಎರಡು ಮೂರನೆಯ ದಿನ ತುಸು ಹಳದಿ ಕಾಣುವುದು ಸಾಮಾನ್ಯ. ಆದರೆ 24 ಗಂಟೆಗಳೊಳಗೆ ಕಂಡರೆ, ಅಂಗೈ ಅಂಗಾಲುಗಳೂ ಹಳದಿಯಾದರೆ ಅಥವಾ ಮಗುವು ಹಾಲು ಕುಡಿಯದೆ ಮಂಕಾದರೆ ಎಳೆಬಿಸಿಲಿಗೆ ಹಿಡಿಯುತ್ತ, ಮದ್ದು ಅರೆದು ಹಾಕುತ್ತ ಕಾಲ ಕಳೆಯಬಾರದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ದಂಪತಿಗಳು ಮಾಡಬೇಕಾದುದು

1. ಗರ್ಭ ನಿಂತುದು ತಿಳಿದೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ರಕ್ತದ ಗುಂಪನ್ನು ಪರೀಕ್ಷಿಸಿಕೊಳ್ಳಿರಿ. ಪ್ರತಿ ತಿಂಗಳ 9ನೆಯ ತಾರೀಕಿನಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆಯನ್ನು ಉಚಿತವಾಗಿ ನಡೆಸಲಾಗುತ್ತದೆ.

2. ತಾಯಿ ನೆಗೆಟಿವ್ ಎಂದು ತಿಳಿದರೆ ಪತಿಯೂ ಅಂದೇ ತನ್ನ ರಕ್ತವನ್ನು ಪರೀಕ್ಷಿಸಿಕೊಳ್ಳಬೇಕು. ಬಸಿರು ಹೆಂಗಸರ ವಿಷಯವೆಂದು ಹೊರಗೆ ನಿಲ್ಲುವುದು ತರವಲ್ಲ; ಮಗುವಿಗೆ ಪಾಸಿಟಿವ್ ಅಂಶವು ಬರುವುದು ತಂದೆಯಿಂದಲೇ.

3. ಗುಂಪನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿ, ತವರಿಗೆ ಹೋಗುವಾಗ ಕಾರ್ಡನ್ನು ಜೊತೆಯಲ್ಲಿ ಒಯ್ಯಿರಿ.

4. ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಲಿ. ಮಂಗಳೂರಿನ ಸುತ್ತಲಿನವರಿಗೆ ಸರ್ಕಾರಿ ಲೇಡಿಗೋಷನ್ ಹೆರಿಗೆ ಆಸ್ಪತ್ರೆ ಇದೆ. ಇತರರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯನ್ನು ಆಶ್ರಯಿಸಬಹುದು. ಆಂಟಿ-ಡಿ ಎಲ್ಲಿ ದೊರೆಯುವುದೆಂದು ಏಳನೆಯ ತಿಂಗಳಲ್ಲಿಯೇ ವಿಚಾರಿಸಿಟ್ಟುಕೊಳ್ಳಿರಿ.

5. ನೆಗೆಟಿವ್ ತಾಯಿಗೆ ರಕ್ತ ಬೇಕಾದರೆ ನೆಗೆಟಿವ್ ರಕ್ತವೇ ಬೇಕು. ಅಂತಹ ಬಂಧುಗಳನ್ನೂ ನೆರೆಯವರನ್ನೂ ಮೊದಲೇ ಗೊತ್ತುಮಾಡಿಕೊಳ್ಳಿರಿ.

6. ಹೆರಿಗೆಯ ನಂತರ ಚುಚ್ಚುಮದ್ದು ಆಯಿತೇ ಎಂದು ಪತಿಯು ಕೇಳಿ ತಿಳಿಯಬೇಕು. ಮೂರು ದಿನ ಕಳೆಯಿತೆಂದು ಸುಮ್ಮನಾಗದೆ ಆಗಲೂ ವೈದ್ಯರನ್ನು ಕಾಣಬೇಕು. ಹತ್ತು ದಿನಗಳೊಳಗೆ ಕೊಟ್ಟರೂ ಸ್ವಲ್ಪ ಪ್ರಯೋಜನವಾಗಬಹುದು.

7. ಹೆರಿಗೆಗಳ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿರಲಿ. ಅದಕ್ಕೆ ತಕ್ಕ ವಿಧಾನಗಳನ್ನು ಆರೋಗ್ಯ ಸಹಾಯಕಿಯಿಂದ ತಿಳಿದುಕೊಳ್ಳಿರಿ.

ಶಕ್ತಿನಗರದ ಆ ಬೀಡಿ ಕಟ್ಟುವ ತಾಯಿಯು ಕೆಲಕಾಲದ ಬಳಿಕ ಚೊಚ್ಚಲ ಗರ್ಭಿಣಿಯಾದ ತನ್ನ ತಂಗಿಯನ್ನು ಮೂರನೆಯ ತಿಂಗಳಲ್ಲಿಯೇ ನಮ್ಮಲ್ಲಿಗೆ ಕರೆದುಕೊಂಡು ಬಂದಳು. ತಂಗಿಯ ರಕ್ತವೂ ನೆಗೆಟಿವ್ ಆಗಿತ್ತು. ಆಕೆಗೆ 28ನೆಯ ವಾರದಲ್ಲಿಯೂ ಹೆರಿಗೆಯ ಮರುದಿನವೂ ಚುಚ್ಚುಮದ್ದು ಆಯಿತು. ಈಗ ಅವಳ ಇಬ್ಬರು ಮಕ್ಕಳೂ ಅಂಗನವಾಡಿಗೆ ಹೋಗುತ್ತಿದ್ದಾರೆ. ಅಕ್ಕನ ಮಗನು ಕಿವುಡ ಮಕ್ಕಳ ಶಾಲೆಯಲ್ಲಿ ಕಲಿಯುತ್ತಿದ್ದಾನೆ. ಒಂದೇ ರಕ್ತದ ಇಬ್ಬರು ಸಹೋದರಿಯರ ನಡುವೆ ಇದ್ದ ಅಂತರ 72 ಗಂಟೆಗಳು ಮಾತ್ರ. ದಂಪತಿಗಳು ಇಂದೇ ತಮ್ಮ ರಕ್ತದ ಗುಂಪನ್ನು ತಿಳಿದುಕೊಂಡು, ಆ ಗಂಟೆಗಳು ವ್ಯರ್ಥವಾಗದಂತೆ ನೋಡಿಕೊಳ್ಳಲಿ.